ಪುಕ್ಕಟೆ ಸರ್ವರಿನ ಖರ್ಚುವೆಚ್ಚ

ಗಂಡಸರು ಖರ್ಚು ಮಾಡೋದಕ್ಕೆ ಹೊರಟರೆ ನನಗೆ ಅಷ್ಟು ಹೆದರಿಕೆಯಿಲ್ಲ. ಎಷ್ಟು ಹೋಯಿತು ಅಂತ ಸಂಜೆಯೊಳಗೆ ಬ್ಯಾಂಕಿನ ಮೆಸೇಜೇ ಹೇಳುತ್ತದೆ. ಅವರು ಉಳಿಸೋದಕ್ಕೆ ಹೊರಟಾಗಲೇ ಎದೆ ಢವಢವ ಅನ್ನೋದು. ಖರ್ಚಿಗೆ ಲೆಕ್ಕ ಕೇಳಬಹುದು, ಉಳಿತಾಯಕ್ಕೆ ಲೆಕ್ಕ ಕೇಳಿದರೆ ನಾವೇ ಮನೆಹಾಳರು. ಆದ್ದರಿಂದ "ಈ ಒಟಿಟಿಗಳಿಗೆ ತಿಂಗಳು ತಿಂಗಳು ದುಡ್ಡು ಸುರಿದದ್ದು ಸಾಕು, ಮನೇಲಿರೋ ಹಳೇ ಸಾಮಾನಲ್ಲೇ ನಮ್ಮದೊಂದು ಮೀಡಿಯಾ ಸರ್ವರ್ ಮಾಡಿಬಿಡೋಣ, ಪುಕ್ಕಟೆ!" ಅಂತ ನಿಮ್ಮನೆಯವರು ಸಾರನ್ನ ಕಲಸುತ್ತಾ ಘೋಷಿಸಿದರೆ, ತಾಯಂದಿರಾ, ನೀವು ಮೊದಲು ಮಾಡಬೇಕಾದ ಕೆಲಸ ಅಟ್ಟದ ಏಣಿಯನ್ನು ಬಚ್ಚಿಡೋದು.

ಏಕೆಂದರೆ 'ಅದು' ಇರುವುದು ಅಟ್ಟದ ಮೇಲೆ. ತಾಮ್ರದ ಹಂಡೆ, ದಸರಾ ಗೊಂಬೆಯ ಪೆಟ್ಟಿಗೆ, ಚಕ್ರ ಕಳೆದುಕೊಂಡ ಮಗುವಿನ ವಾಕರು, ಇವೆಲ್ಲದರ ಹಿಂದೆ ಹಳೇ ಪಂಚೆ ಹೊದ್ದು ಕೂತ ಒಂದು ಸಿಪಿಯು. "ಎಕ್ಸ್‌ಚೇಂಜಲ್ಲಿ ಇನ್ನೂರು ರೂಪಾಯಿ ಅಂದ ಕಣೇ, ಮನಸ್ಸಾಗಲಿಲ್ಲ" ಅಂತ ಯಾವುದೋ ಕಾಲದಲ್ಲಿ ಅದನ್ನು ಮೇಲಕ್ಕೇರಿಸಿರುತ್ತಾರೆ. ಕೆಳಗಿಳಿಸೋದಕ್ಕೆ ಅವರಿಗೆ ಬೇಕಾಗಿದ್ದದ್ದು ಒಂದು ನೆಪ. ಮೀಡಿಯಾ ಸರ್ವರ್ ಅನ್ನೋದು ಆ ನೆಪ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮನೆಯ ಮೂಲೆಯಲ್ಲಿ ಹಗಲೂ ರಾತ್ರಿ ಉರಿಯುವ ಒಂದು ಕಂಪ್ಯೂಟರ್. ಅದರ ಡಿಸ್ಕಿನಲ್ಲಿ ಸಿನಿಮಾ, ಹಾಡು, ಫೋಟೋ. ಹಾಲಿನ ಟಿವಿಯೋ ಅತ್ತೆಯ ಮೊಬೈಲೋ ಕೇಳಿದಾಗ ಎತ್ತಿಕೊಡಬೇಕು, ಅಷ್ಟೇ. ಹೆಸರು ಕೇಳಿದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡ ಬೇಕೇನೋ ಅನ್ನಿಸುತ್ತದೆ, ಕೆಲಸ ನೋಡಿದರೆ ಅಟೆಂಡರದು. ಒಳ್ಳೆಯ ಬ್ಲೂರೇ ಸಿನಿಮಾ ಕೂಡ ಸೆಕೆಂಡಿಗೆ 40 ಮೆಗಾಬಿಟ್ ದಾಟೋದು ಅಪರೂಪ. ಹತ್ತು ವರ್ಷ ಹಳೆಯ ಕಂಪ್ಯೂಟರಿನ ಲ್ಯಾನ್ ಕಿಂಡಿಯಲ್ಲಿ 1000 ಹೋಗುತ್ತದೆ. ಅಂದಮೇಲೆ ಹಳೇ ಸಾಮಾನು ಸಾಕು ಅನ್ನುವ ಗಂಡಸರ ವಾದ ಸರಿಯೇ. ಅವರ ವಾದ ಸರಿಯಿದ್ದಾಗಲೇ ಅಲ್ಲವೆ ನಮಗೆ ಹೆಚ್ಚು ಕಷ್ಟ?

ನಮ್ಮ ಅಟ್ಟದಿಂದ ಇಳಿದದ್ದು ನಾಲ್ಕು ಕೋರಿನ ಹಳೇ ಇಂಟೆಲ್ ಕುಳ, 2008ರ ಸುಮಾರಿನದು. ಧೂಳು ಒರೆಸಿದರು, ಗುಂಡಿ ಒತ್ತಿದರು, ಉರಿಯಿತು. "ನೋಡಿದ್ಯಾ! ಒಂದು ಪೈಸೆ ಖರ್ಚಿಲ್ಲ!" ಅಂತ ನಮ್ಮನೆಯವರು ನನ್ನ ಮುಖ ನೋಡಿದರು. ಫ್ಯಾನು ಮಾತ್ರ ಮೆಜೆಸ್ಟಿಕ್ಕಿನಲ್ಲಿ ಹೊರಡೋದಕ್ಕೆ ನಿಂತ ಬಸ್ಸಿನ ಹಾಗೆ ಗುರುಗುಡುತ್ತಿತ್ತು. ನಾನು ಏನೂ ಅನ್ನಲಿಲ್ಲ. ಪ್ಲಗ್ಗಿಗೆ ಸಿಕ್ಕಿಸಿ ವ್ಯಾಟ್ ಅಳೆಯುವ ಒಂದು ಪುಟ್ಟ ಮೀಟರ್ ಬರುತ್ತದೆ. ಅದನ್ನು ತರಿಸಿ ಸಿಕ್ಕಿಸಿದೆ. ಯಾರೂ ಏನೂ ನೋಡದೆ, ಬರೀ ಗುರುಗುಡುತ್ತಾ ಕೂತಿದ್ದಾಗ 80 ವ್ಯಾಟ್.

ಈಗ ಲೆಕ್ಕ ಹಾಕಿ. 80 ವ್ಯಾಟ್, ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ: ಹತ್ತಿರಹತ್ತಿರ 58 ಯೂನಿಟ್. ಯೂನಿಟ್ಟಿಗೆ ಆರೇ ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಮುನ್ನೂರೈವತ್ತು. ಇದು ಬೇರೆ ರಾಜ್ಯದವರ ಲೆಕ್ಕವಾಯಿತು. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆಯಲ್ಲ, ಇಲ್ಲಿನ ಲೆಕ್ಕವೇ ಬೇರೆ. 200 ಯೂನಿಟ್‌ವರೆಗೆ ಪುಕ್ಕಟೆ ಅಂತ ಜನ ಹೇಳುತ್ತಾರೆ, ಆದರೆ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ನೋಡಿ ಒಂದು ಗೆರೆ ಎಳೆದಿದ್ದಾರೆ. ಗೆರೆ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು! ತಿಂಗಳಿಗೆ 150 ಯೂನಿಟ್ ಸುಟ್ಟು ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮರ್ಯಾದಸ್ಥ ಮನೆಯೊಂದಕ್ಕೆ ಈ ಪುಕ್ಕಟೆ ಸರ್ವರ್ ಬಂದು ಕೂತರೆ 208. ಸಾವಿರದ ಇನ್ನೂರೈವತ್ತು ರೂಪಾಯಿ ತೆತ್ತು, ಮೇಲೆ ನಿಗದಿತ ಶುಲ್ಕ ಅಂತ ದಕ್ಷಿಣೆಯನ್ನೂ ಇಡಬೇಕು.

ನಮ್ಮತ್ತೆಗೆ ಸರ್ವರ್ ಅಂದರೇನು ಅಂತ ಅರ್ಥವಾಗಿರಲಿಲ್ಲ. ಈ ಲೆಕ್ಕ ಕೂಡಲೇ ಅರ್ಥವಾಯಿತು. ಗೀಸರ್ ಹಾಕಿದವರು ಯಾರು, ಎಷ್ಟು ಹೊತ್ತು ಅಂತ ಬೆಳಗಿನ ಜಾವದಿಂದ ಕಾವಲು ಕೂತು ಸೊನ್ನೆ ಬಿಲ್ಲನ್ನು ಕಾಪಾಡಿಕೊಂಡು ಬಂದಾಕೆ ಅವರು. "ನಾನು ಸೊಪ್ಪು ಸೋಸೋವಾಗ ಫ್ಯಾನ್ ಆರಿಸಿ ಕೂತ್ಕೋತೀನಿ, ನೀನು ಡಬ್ಬಕ್ಕೆ ರಾತ್ರಿಯೆಲ್ಲಾ ಕರೆಂಟ್ ಕುಡಿಸ್ತೀಯೇನೋ?" ಅಂದರು ಮಗನಿಗೆ. ಡಬ್ಬ ಮಧ್ಯಾಹ್ನದೊಳಗೆ ಪಂಚೆ ಹೊದ್ದು ಅಟ್ಟ ಸೇರಿತು.

ಹಾಗಾದರೆ ಹಳೇ ಸಾಮಾನಿನ ಕಥೆ ಮುಗಿಯಿತೇ ಅಂದರೆ, ಇಲ್ಲ. ಹಳತರಲ್ಲೂ ಪುಕ್ಕಟೆಯ ಹಳತು, ದುಡ್ಡು ಕೊಟ್ಟ ಹಳತು ಅಂತ ಎರಡಿದೆ. ಮನೆಯಲ್ಲಿ ಮಲಗಿರುವುದು ದುಬಾರಿ, ಅಂಗಡಿಯಲ್ಲಿ ಕೊಳ್ಳುವುದು ಸೋವಿ. ಕಂಪನಿಗಳು ತಮ್ಮ ಕಂಪ್ಯೂಟರುಗಳನ್ನು ಕೆಲವು ವರ್ಷಕ್ಕೊಮ್ಮೆ ಸಾರಾಸಗಟು ಹೊರಹಾಕುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಎಲೀಟ್‌ಡೆಸ್ಕ್ ಅಂತ ಸಣ್ಣ ಸಣ್ಣ ಪೆಟ್ಟಿಗೆಗಳು. ಕೆಲವಂತೂ ಮನೋರಮಾ ಇಯರ್‌ಬುಕ್ಕಿಗಿಂತ ಸ್ವಲ್ಪವೇ ದಪ್ಪ. ಇವುಗಳ ಅದೃಷ್ಟ, ಅಥವಾ ನಮ್ಮ ಅದೃಷ್ಟ, ವಿಂಡೋಸ್ 11 ಬಂದದ್ದು. ಇಂಟೆಲಿನ ಎಂಟನೇ ಜನರೇಷನ್ನಿಗಿಂತ ಹಳೆಯದನ್ನು ಹತ್ತಿರ ಸೇರಿಸೋದಿಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತು. ವಿಂಡೋಸ್ 10ರ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಕೈಕಾಲು ಗಟ್ಟಿಯಿದ್ದ ಆರನೇ, ಏಳನೇ ಜನರೇಷನ್ನಿನ ಪೆಟ್ಟಿಗೆಗಳೆಲ್ಲ ಒಂದೇ ಏಟಿಗೆ ಗುಜರಿಗೆ ಬಂದವು. ತಮಾಷೆ ನೋಡಿ, ಈಗಿನ ಸಿನಿಮಾ ಕಡತಗಳು ಬರುವುದು ಎಚ್‌ಇವಿಸಿ ಅನ್ನುವ ರೂಪದಲ್ಲಿ, ಅದರಲ್ಲೂ ಚೆನ್ನಾಗಿರೋದು 10 ಬಿಟ್ಟಿನದು. ಅದನ್ನು ತಲೆಬಿಸಿ ಇಲ್ಲದೆ ಬಿಡಿಸುವ ಕಲೆ ಇಂಟೆಲ್ ಚಿಪ್ಪಿಗೆ ಬಂದದ್ದೇ ಏಳನೇ ಜನರೇಷನ್ನಿನಲ್ಲಿ. ಆಫೀಸು ಬೇಡ ಅಂದದ್ದೇ ನಮ್ಮ ಹಾಲಿಗೆ ಬೇಕಾದದ್ದು. ಸುಮ್ಮನಿದ್ದಾಗ ಹತ್ತು ಹದಿನೈದು ವ್ಯಾಟ್, ತಿಂಗಳಿಗೆ ಹೆಚ್ಚೆಂದರೆ ಹನ್ನೊಂದು ಯೂನಿಟ್. ಅತ್ತೆಯ ಗೆರೆಯೊಳಗೇ ಸಂಸಾರ ನಡೆಸುತ್ತದೆ.

ಇಂಥದನ್ನು ಕೊಳ್ಳೋದಕ್ಕೆ ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಸಾದರ ಪತ್ರಪ್ಪ ರಸ್ತೆ. ಟೌನ್‌ಹಾಲಿನ ಹತ್ತಿರ, ಚಿಕ್ಕಪೇಟೆಯ ಸೀರೆ ಅಂಗಡಿಗಳಿಂದ ನಡೆದೇ ಹೋಗಬಹುದು. ಗಂಡಸರನ್ನು ಅಲ್ಲಿಗೆ ಒಬ್ಬರನ್ನೇ ಕಳಿಸಬೇಡಿ. ಹಾರ್ಡ್ ಡಿಸ್ಕ್ ತರುತ್ತೇನೆಂದು ಹೋದವರು ಹಾರ್ಡ್ ಡಿಸ್ಕ್ ಬಿಟ್ಟು ಮಿಕ್ಕಿದ್ದೆಲ್ಲಾ ತರುತ್ತಾರೆ: ಮಿನುಗುವ ಫ್ಯಾನು, ಯಾವುದಕ್ಕೂ ಸೇರದ ಸ್ಕ್ರೂಗಳ ಪೊಟ್ಟಣ, "ಮುಂದೆ ಬೇಕಾಗುತ್ತೆ" ಅನ್ನುವ ಕೇಬಲ್ಲಿನ ಸಿಂಬೆ. ಜೊತೆಗೆ ಹೋಗಿ. ಅಷ್ಟು ದೂರ ಹೋಗಿದ್ದಕ್ಕೆ ಚಿಕ್ಕಪೇಟೆಯ ಕೆಲಸವೂ ಆಗುತ್ತದೆ. ಆ ಖರ್ಚನ್ನು ಸರ್ವರಿನ ಲೆಕ್ಕದಲ್ಲೇ ಬರೆಸಬಹುದು.

ಡಿಸ್ಕಿನ ವ್ಯಾಪಾರವನ್ನಂತೂ ನೀವೇ ಮಾಡಿ. ಅಂಥದೊಂದು ಪೆಟ್ಟಿಗೆ ಕೊಂಡ ದಿನ ನಾನು ಮಾಡಿದ್ದು ಹೀಗೆ.

"ಅಕ್ಕಾ, ನಾಲ್ಕು ಟಿಬಿ. ಹೊಸದೇ ಅನ್ಕೊಳಿ. ಬರೀ ಆರು ತಿಂಗಳು ಓಡಿರೋದು."

"ನಿಮ್ಮ ಕಂಪ್ಯೂಟರ್‌ಗೆ ಹಾಕಿ ಸ್ಮಾರ್ಟ್ ತೋರಿಸಪ್ಪ."

ಅಂಗಡಿಯ ಹುಡುಗ ನಮ್ಮನೆಯವರ ಮುಖ ನೋಡಿದ. ಅವರು ಮಿನುಗುವ ಫ್ಯಾನು ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಡಿಸ್ಕನ್ನು ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ತೆರೆದ. ಪ್ರತಿ ಡಿಸ್ಕೂ ತಾನು ಎಷ್ಟು ಗಂಟೆ ದುಡಿದೆ ಅಂತ ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ, ಆ ದಾಖಲೆಗೇ ಸ್ಮಾರ್ಟ್ ಅನ್ನೋದು. ಈ ಡಿಸ್ಕು ಬರೆದುಕೊಂಡಿದ್ದದ್ದು 41,000 ಗಂಟೆ.

"ಆರು ತಿಂಗಳಿಗೆ ನಾಲ್ಕು ಸಾವಿರದ ಮುನ್ನೂರಿಪ್ಪತ್ತು ಗಂಟೆ ಅಲ್ವೇನಪ್ಪಾ? ಇದು ನಾಲ್ಕು ವರ್ಷ ಎಂಟು ತಿಂಗಳು. ಯಾವುದಾದರೂ ಸಿಸಿಟಿವಿ ಡಿವಿಆರ್‌ನಿಂದ ಕಿತ್ತಿದ್ದಾ?"

"ಅಯ್ಯೋ, ಅಕ್ಕಂಗೆ ಎಲ್ಲಾ ಗೊತ್ತು" ಅಂತ ಅವನು ನಕ್ಕು ಬೇರೆಯದನ್ನು ತೆಗೆದ. ಗಂಟೆಯೊಂದೇ ಅಲ್ಲ, ಇನ್ನೆರಡು ಸಾಲು ನೋಡಬೇಕು. ಕೆಟ್ಟ ಜಾಗವನ್ನು ಬಿಟ್ಟು ಬೇರೆ ಕಡೆ ಬರೆದುಕೊಂಡ ಲೆಕ್ಕ ಒಂದು, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಜಾಗದ ಲೆಕ್ಕ ಇನ್ನೊಂದು. ಎರಡೂ ಸೊನ್ನೆ ಇರಬೇಕು. ಸೊನ್ನೆ ಇಲ್ಲದಿದ್ದರೆ ಅವನು ಕಾಫಿ ತರಿಸಿಕೊಟ್ಟರೂ ಎದ್ದು ಬನ್ನಿ. ಇನ್ನು ಮನೆಗೆ ತಂದಮೇಲೆ "ನಾಲ್ಕು ಟಿಬಿ ಅಂತ ಮೋಸ ಮಾಡಿದ, 3.63 ತೋರಿಸ್ತಿದೆ" ಅಂತ ಯಾರಾದರೂ ಕೂಗಾಡಿದರೆ ಸಮಾಧಾನ ಮಾಡಿ. ಡಿಸ್ಕಿನವನು ಸಾವಿರದ ಲೆಕ್ಕದಲ್ಲಿ ಮಾರುತ್ತಾನೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ತೂಕದಲ್ಲಿ ಮೋಸವಿಲ್ಲ, ಬಟ್ಟು ಬೇರೆ.

ನನ್ನ ಕಟ್ಟುನಿಟ್ಟಿನ ಅಭಿಪ್ರಾಯ ಕೇಳುವುದಾದರೆ, ಎಲ್ಲವನ್ನೂ ಹಳೆಯದು ಕೊಳ್ಳಿ, ಎರಡನ್ನು ಬಿಟ್ಟು. ಮುಖ್ಯವಾದದ್ದನ್ನು ಇಡುವ ಡಿಸ್ಕು, ಕರೆಂಟ್ ಹಂಚುವ ಎಸ್‌ಎಂಪಿಎಸ್. ಬೀದಿಯಲ್ಲಿ ಸಿಗುವ ಅಗ್ಗದ ಎಸ್‌ಎಂಪಿಎಸ್‌ಗಳ ಮೇಲೆ 500 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ನಂಬಿಕೆ ದಪ್ಪಗಿದ್ದರೆ ಕೊಳ್ಳಿ. ಒಳಗೆ ಕೆಪಾಸಿಟರಿನ ತಲೆ ಉಬ್ಬಿದ್ದರೆ ಅದು ಹೋದಂತೆ, ಹೋಗುವಾಗ ಜೊತೆಗೆ ಡಿಸ್ಕನ್ನೂ ಕರೆದುಕೊಂಡು ಹೋಗುತ್ತದೆ. ಹಾಗೆಯೇ, ಹಳೇ ನಾಲ್ಕು ಪಿನ್ನಿನ ಮೋಲೆಕ್ಸಿನಿಂದ ಡಿಸ್ಕಿಗೆ ಕರೆಂಟ್ ಕೊಡುವ ಇಪ್ಪತ್ತು ಮೂವತ್ತು ರೂಪಾಯಿಯ ಕನ್ವರ್ಟರ್ ವೈರು. ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಬಗೆಯದಾದರೆ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ಬಂಗಾರದ ಸರ ಕೊಂಡು ಕೊಕ್ಕೆಯನ್ನು ಜಾತ್ರೆಯಲ್ಲಿ ಕೊಳ್ಳುವವರು ಇದನ್ನು ಧಾರಾಳವಾಗಿ ಬಳಸಬಹುದು.

ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಪರದೆ ಒಡೆದ ಲ್ಯಾಪ್‌ಟಾಪ್ ಹುಡುಕಿ. ಮಕ್ಕಳಿರುವ ಮನೆಯಲ್ಲಿ ಹುಡುಕುವ ಕಷ್ಟವೂ ಇಲ್ಲ. ಕಡಿಮೆ ಕರೆಂಟು, ಸದ್ದಿಲ್ಲ, ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಆರುವುದಿಲ್ಲ. ಮುಚ್ಚಳ ಹಾಕಿದರೆ ನಿದ್ದೆ ಹೋಗುವ ಅಭ್ಯಾಸವನ್ನು ಸೆಟಿಂಗ್ಸಿನ ಒಂದು ಸಾಲಿನಲ್ಲಿ ಬಿಡಿಸಬಹುದು (ಮನುಷ್ಯರಿಗೆ ಆ ಸಾಲು ಇನ್ನೂ ಬಂದಿಲ್ಲ). ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ ಮಾತ್ರ ಮೊದಲು ಅದನ್ನು ತೆಗೆಸಿ.

ಸಾಫ್ಟ್‌ವೇರ್ ಪುಕ್ಕಟೆ, ಇದು ನಿಜವಾದ ಪುಕ್ಕಟೆ. ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಜೆಲ್ಲಿಫಿನ್ ಹಾಕಿದರೆ ಮುಗಿಯಿತು. ಈ ಜೆಲ್ಲಿಫಿನ್ ಹುಟ್ಟಿದ್ದು ಮನಸ್ತಾಪದಲ್ಲಿ. ಎಂಬಿ ಅಂತ ಒಂದು ಸರ್ವರ್ ಇತ್ತು, ಈಗಲೂ ಇದೆ. ಎಲ್ಲರಿಗೂ ತೆರೆದಿದ್ದ ಅದರ ಮೂಲ ಸಂಕೇತವನ್ನು ಒಡೆಯರು ಮುಚ್ಚಿಬಿಟ್ಟರು. ಸಿಟ್ಟಾದ ಕೆಲವರು, ಮುಚ್ಚುವ ಮುಂಚಿನ ಸಂಕೇತವನ್ನು ಹೊತ್ತು, 2018ರ ಡಿಸೆಂಬರಿನಲ್ಲಿ ಬೇರೆ ಮನೆ ಮಾಡಿದರು. ಪ್ಲೆಕ್ಸ್ ಅನ್ನುವ ಇನ್ನೊಂದು ಇದೆ, ಬಲು ಚಂದ, ಆದರೆ 2025ರಿಂದ ಮನೆಯಾಚೆ ಕೂತು ನಮ್ಮದೇ ಸಿನಿಮಾ ನೋಡೋದಕ್ಕೂ ಚಂದಾ ಕೇಳುತ್ತದೆ. ಚಂದಾ ಬೇಡವೆಂದೇ ಅಟ್ಟ ಹತ್ತಿದವರು ಅದಕ್ಕೆ ಒಪ್ಪಿಯಾರೆ?

ಸಿನಿಮಾಗಳು ಎಲ್ಲಿಂದ ಬರುತ್ತವೆ ಅಂತ ಸರ್ವರ್ ಕಟ್ಟಿದ ಯಾವುದೇ ಗಂಡಸನ್ನು ಕೇಳಿ ನೋಡಿ. ಮಾತು ತಟ್ಟನೆ ಮಳೆ ಬೆಳೆಗೆ ತಿರುಗುತ್ತದೆ. ನಮ್ಮನೆಯಲ್ಲಿ ಕಾನೂನು ಖಾತೆ ನನ್ನದು: ದುಡ್ಡು ಕೊಟ್ಟು ಕೊಂಡ ಡಿಸ್ಕು, ನಾವೇ ತೆಗೆದ ವಿಡಿಯೋ, ಇಷ್ಟೇ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ ಮಾರುತ್ತಿದ್ದ ಕಾಲದಲ್ಲಿ ತರಕಾರಿ ಚೀಲದಲ್ಲಿ ತುಂಬಿಕೊಂಡು ಬಂದದ್ದೇ ಒಂದು ಸೂಟ್‌ಕೇಸ್ ಇದೆ. ಒಂದು ಸಿನಿಮಾಕ್ಕೆ ಎರಡು ಮೂರು ತಟ್ಟೆ, ಹೀರೋ ಹೊಡೆಯೋದಕ್ಕೆ ಕೈ ಎತ್ತಿದಾಗಲೇ ತಟ್ಟೆ ಬದಲಿಸಬೇಕಾಗಿತ್ತು. ಸರ್ವರಿನಲ್ಲಿ ಎತ್ತಿದ ಕೈ ಏಟು ಕೊಟ್ಟೇ ಇಳಿಯುತ್ತದೆ. ಚಿತ್ರ ಮಾತ್ರ 352ಕ್ಕೆ 288 ಚುಕ್ಕಿ. ಇವತ್ತಿನ ದೊಡ್ಡ 4ಕೆ ಟಿವಿಯಲ್ಲಿ ಅದರ ಎಂಬತ್ತು ಪಟ್ಟು ಚುಕ್ಕಿ ಇರುವುದರಿಂದ, ಹೀರೋ ಯಾರು ಖಳನಾಯಕ ಯಾರು ಅಂತ ದನಿಯಿಂದ ಗುರುತಿಸಬೇಕು.

ಜೆಲ್ಲಿಫಿನ್ ಕಡತದ ಹೆಸರು ನೋಡಿ ಅಂತರ್ಜಾಲದಿಂದ ಪೋಸ್ಟರ್, ತಾರಾಗಣ ಎಲ್ಲ ತಂದು ಅಂಟಿಸುತ್ತದೆ. ಆದ್ದರಿಂದ ಹೆಸರಿನ ಜೊತೆ ಇಸವಿ ಹಾಕಬೇಕು. ಬರೀ 'ಗಂಧದ ಗುಡಿ' ಅಂತ ಬರೆದರೆ 1973ರ ರಾಜ್‌ಕುಮಾರ್ ಸಿನಿಮಾವೋ 2022ರ ಪುನೀತ್ ಸಾಕ್ಷ್ಯಚಿತ್ರವೋ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಅಪ್ಪನ ಸಿನಿಮಾಕ್ಕೆ ಮಗನ ಪೋಸ್ಟರ್ ಅಂಟಿತ್ತು. ಪರವಾಗಿಲ್ಲ, ಮನೆಯೊಳಗಿನ ವ್ಯವಹಾರ ಅಂತ ಬಿಡಬಹುದಿತ್ತು. ಆದರೆ ನಾದಿನಿಯ ಮದುವೆಯದನ್ನು ಬಿಡೋದು ಹೇಗೆ?

ಆ ಮದುವೆಯ ಕಥೆ ಹೇಳಲೇಬೇಕು. ನಾದಿನಿಯ ಮದುವೆಯಾದದ್ದು ತೊಂಬತ್ತರ ದಶಕದಲ್ಲಿ, ಹಾಸನದ ಛತ್ರದಲ್ಲಿ. ವಿಡಿಯೋ ಕ್ಯಾಸೆಟ್ಟು ಮೂರು ಗಂಟೆಯದು. ಈಗ ಅದನ್ನು ಕಂಪ್ಯೂಟರಿಗೆ ತುಂಬಿಸಬೇಕಾದರೆ ಓಡುವ ವಿಸಿಆರ್ ಬೇಕು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿ ನಿಲ್ಲಿಸಿದ ಮೇಲೆ ಹೊಸದು ಅನ್ನೋದೇ ಇಲ್ಲ. ಮತ್ತೆ ಅಟ್ಟ, ಮತ್ತೆ ಏಣಿ. ರಬ್ಬರ್ ಬೆಲ್ಟು ಬದಲಿಸಿ, ಹೆಡ್ ಒರೆಸಿ, ಟೇಪಿನ ಅಂಚಿಗೆ ಕೂತ ಬಿಳಿ ಬೂಷ್ಟು ತೆಗೆದು, ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯೊಂದನ್ನು ನಡುವೆ ಸಿಕ್ಕಿಸಬೇಕು. ಇದರಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಮದುವೆ ಮೂರು ಗಂಟೆಯೇ ಓಡಬೇಕು. ಪುರೋಹಿತರಿಗಾದರೂ ಸ್ವಲ್ಪ ಬೇಗ ಮುಗಿಸಿ ಅನ್ನಬಹುದು, ವಿಸಿಆರಿಗೆ ಹಾಗನ್ನುವಂತಿಲ್ಲ.

ಆ ಕಾಲದ ಮದುವೆ ವಿಡಿಯೋದ ವೈಭವ ನಿಮಗೆ ನೆನಪಿರಬೇಕು. ಹ್ಯಾಲೊಜನ್ ದೀಪಕ್ಕೆ ಕಣ್ಣು ಕಿರಿದು ಮಾಡಿ ನಿಂತ ಬಂಧುಬಳಗ. ಮಧುಮಗಳ ಮುಖ ಹೃದಯದ ಆಕಾರದಲ್ಲಿ ಹಾರಿಬಂದು ಹಿಮಾಲಯದ ಮೇಲೆ ಕೂರುವುದು. ಧಾರೆಯ ಮಂತ್ರ ಕೇಳಬಾರದೆಂದು ಅದರ ಮೇಲೊಂದು ಹಿಂದಿ ಹಾಡು. ಆಮೇಲೆ ಊಟದ ಪಂಕ್ತಿ: ಒಬ್ಬೊಬ್ಬರೂ ತುತ್ತು ಬಾಯಿಗಿಡುವ ಕ್ಷಣವನ್ನೇ ಹೊಂಚುಹಾಕಿ ತೆಗೆದಿರುತ್ತಾರೆ. ಇದನ್ನು ನಮ್ಮನೆಯವರು 'ವೆಡ್ಡಿಂಗ್ ಫೈನಲ್' ಅಂತ ಹೆಸರಿಟ್ಟು ಸಿನಿಮಾಗಳ ಫೋಲ್ಡರಿಗೆ ಹಾಕಿದರು. ಮಾರನೇ ದಿನ ಅತ್ತೆ ಟಿವಿ ಹಾಕಿದರೆ, ಮಗಳ ಮದುವೆಯ ಮೇಲೆ ರಕ್ತದ ಮಡುವಿನಲ್ಲಿ ಕೊಡಲಿ ಹಿಡಿದು ನಿಂತ ಯಾರೋ ಬಿಳಿಯನ ಪೋಸ್ಟರ್! ಕೆಳಗೆ ಕಥಾಸಾರಾಂಶ: ಮದುವೆಯ ರಾತ್ರಿ ಅತಿಥಿಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. "ಬೀಗರ ಕಡೆಯವರು ನೋಡಿದರೆ ಏನಂದಾರು?" ಅಂತ ಅತ್ತೆ ಕಂಗಾಲಾದರು. ಮನೆಯ ವಿಡಿಯೋಗಳಿಗೆ ಜೆಲ್ಲಿಫಿನ್ನಿನಲ್ಲಿ ಬೇರೆಯದೇ ವಿಭಾಗವಿದೆ. ಅಲ್ಲಿ ಹಾಕಿದರೆ ಅದು ಅಂತರ್ಜಾಲದಲ್ಲಿ ಹುಡುಕುವ ಉಸಾಬರಿಗೆ ಹೋಗುವುದಿಲ್ಲ. ನಾನೇ ಅಲ್ಲಿಗೆ ಸಾಗಿಸಿದೆ. ಕೊಡಲಿಯವನು ಹೋದ. ಬೀಗರು ಉಳಿದರು.

ಈಗ ಸರ್ವರಿನ ಬೆವರು ಇಳಿಸುವವನು ನನ್ನ ಮಗ ಒಬ್ಬನೇ. ಟಿವಿಗೆ ಅರ್ಥವಾಗುವ ಕಡತವಾದರೆ ಸರ್ವರ್ ಅದನ್ನು ಹಾಗೇ ದಾಟಿಸಿ ತೂಕಡಿಸುತ್ತದೆ. ಅವನು ಕೊರಿಯಾದ ಬ್ಲೂರೇಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿದನೋ, ಬಂತು ಗ್ರಹಚಾರ. ಬ್ಲೂರೇಯ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಟಿವಿಗೆ ಅದು ಗೊತ್ತಾಗದಿದ್ದರೆ ಸರ್ವರೇ ಪ್ರತಿಯೊಂದು ಚೌಕಟ್ಟಿನ ಮೇಲೂ ಅದನ್ನು ಅಚ್ಚೊತ್ತಿ, ಇಡೀ ಸಿನಿಮಾವನ್ನು ಹೊಸದಾಗಿ ಕಟ್ಟಿ ಕಳಿಸಬೇಕು. ಪೆಟ್ಟಿಗೆಯ ಫ್ಯಾನಿನ ಸದ್ದಿನಿಂದಲೇ ಅವನು ಓದುತ್ತಿದ್ದಾನೋ ಇಲ್ಲವೋ ಅಂತ ಅಡಿಗೆಮನೆಯಲ್ಲಿ ನನಗೆ ಗೊತ್ತಾಗುತ್ತದೆ. ಈ ಸೌಲಭ್ಯ ಯಾವ ಒಟಿಟಿಯಲ್ಲೂ ಇಲ್ಲ.

ಪೆಟ್ಟಿಗೆಯನ್ನು ಎಲ್ಲಿಡಬೇಕು ಅನ್ನೋದಕ್ಕೆ ಸಣ್ಣ ಯುದ್ಧವಾಯಿತು. ಅಟ್ಟ ಸೆಕೆ, ಷೋಕೇಸಿನಲ್ಲಿ ಗಾಳಿಯಿಲ್ಲ, ಫ್ರಿಜ್ಜಿನ ಮೇಲೆ ಅದುರು. ರೂಟರ್ ಇರುವ ಮೂಲೆಯಲ್ಲಿ ಹಲ್ಲಿಗಳ ಸಂಸಾರ. ಎಸ್‌ಎಂಪಿಎಸ್ ಬೆಚ್ಚಗಿರುತ್ತದೆಂದು ಒಳಗೆ ನುಗ್ಗಿ, ತಾನೂ ಹೋಗಿ ಅದನ್ನೂ ಕೊಲ್ಲುವ ಜಾತಿ. ಕಡೆಗೆ ಹಿಂಬದಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಅಲ್ಲೇ ಇಟ್ಟದ್ದಾಯಿತು. ಮನೆಯ ಇನ್ವರ್ಟರಿನ ಹಿಂದಿರುವ ಗುಂಡಿಯನ್ನು ಯುಪಿಎಸ್ ಕಡೆಗೆ ತಿರುಗಿಸೋದು ಮರೆಯಬೇಡಿ. ಇನ್ನೊಂದು ಕಡೆಗಿದ್ದರೆ ಕರೆಂಟ್ ಹೋದಾಗ ದೀಪ ಮಿಟುಕಿ ಹತ್ತುತ್ತದೆ, ಅಷ್ಟರೊಳಗೆ ಸರ್ವರ್ ಸತ್ತು ಹುಟ್ಟಿರುತ್ತದೆ.

ಉಳಿದದ್ದು ಬ್ಯಾಕಪ್ಪಿನ ವಿಚಾರ. ಎರಡು ಡಿಸ್ಕು ಜೋಡಿಸಿ ಒಂದರ ತದ್ರೂಪ ಇನ್ನೊಂದರಲ್ಲಿ ಇಡುವ ರೇಡ್ ಅನ್ನೋ ವಿದ್ಯೆ ಕಲಿತ ದಿನ ನಮ್ಮನೆಯವರು ಎದೆಯುಬ್ಬಿಸಿ ಓಡಾಡಿದರು. "ಒಂದು ಹೋದರೆ ಇನ್ನೊಂದಿದೆ." ಸರಿ, ಮಗ ಮದುವೆ ವಿಡಿಯೋ ಅಳಿಸಿಬಿಟ್ಟರೆ? ಅದೇ ಕ್ಷಣ ಎರಡರಲ್ಲೂ ಹೋಗುತ್ತದೆ, ನಿಷ್ಠೆಯಿಂದ. ಸಿಡಿಲು ಬಡಿದರೆ? ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ? ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ ಇರಲಿ, ಒಂದು ಪ್ರತಿ ಬೇರೆ ಜಾಗದಲ್ಲಿರಲಿ ಅನ್ನೋದು ಬಲ್ಲವರ ನಿಯಮ. ಸಿನಿಮಾ ಹೋದರೆ ಹೋಗಲಿ, ಮದುವೆ, ನಾಮಕರಣ, ಫೋಟೋಗಳಿಗಾದರೂ ಅಷ್ಟು ಮಾಡಬೇಕು ಅಂತ ಅವನ್ನೆಲ್ಲ ಒಂದು ಹೊಸ ಡಿಸ್ಕಿಗೆ ತುಂಬಿ, ಚಕ್ಕುಲಿ ಡಬ್ಬದ ಜೊತೆ ಮೈಸೂರಿಗೆ, ನಾದಿನಿಯ ಮನೆಗೆ ಕಳಿಸಿದೆವು. ವರ್ಷಕ್ಕೊಂದೆರಡು ಸಲ ತರಿಸಿಕೊಂಡು ಹೊಸದನ್ನು ಸೇರಿಸಿ ವಾಪಸು ಕಳಿಸೋದು ಅಂತ ಮಾತಾಗಿತ್ತು.

ಹೋದ ವಾರ ಫೋನ್ ಮಾಡಿದೆ. "ಡಿಸ್ಕು ಕಳಿಸಮ್ಮ, ಫೋಟೋ ಸೇರಿಸಬೇಕು."

"ಅಯ್ಯೋ ಅತ್ತಿಗೆ, ನೀವು ಅಷ್ಟೊಂದು ಹೇಳಿದ್ರಲ್ಲ ಜೋಪಾನ ಅಂತ? ಇವರು ರಜಕ್ಕೆ ಬಂದಿದ್ದಾಗ ಬ್ಯಾಂಕ್ ಲಾಕರ್‌ನಲ್ಲಿ ಇಟ್ಟುಬಿಟ್ರು."

"ಒಳ್ಳೇದೇ ಆಯ್ತು. ತೆಗೆಸಿ ಕಳಿಸು."

"ಲಾಕರ್ ಇವರೊಬ್ಬರ ಹೆಸರಲ್ಲೇ ಇರೋದು. ಕೀ ಇವರ ಜೊತೆ ಮಸ್ಕತ್ತಿಗೆ ಹೋಗಿದೆ. ಬರೋದು ಇನ್ನು ಮುಂದಿನ ದಸರಾಕ್ಕೆ."